ಅಗ್ಗದ ಬಹುಬಣ್ಣದ ಉಲನ್‌ನಲ್ಲಿ ಕ್ರೋಶಾ: ಉಂಡೆ ಆರಿಸುವುದರಿಂದ ಕೊನೆಯ ತುದಿ ಅಡಗಿಸುವವರೆಗೆ

ಉಲನ್ ಅಂಗಡಿಗೆ ಹೋದವರ ಕೈ ಮೊದಲು ಹೋಗುವುದು ಬಹುಬಣ್ಣದ ಉಂಡೆಯ ಕಡೆಗೇ. ಒಂದೇ ನೂಲಿನಲ್ಲಿ ಕೆಂಪು, ಹಳದಿ, ಹಸಿರು, ಬಿಳಿ ಎಲ್ಲ ಸಿಗುತ್ತವೆ, ಬೆಲೆಯೂ ಕೈಗೆಟಕುತ್ತದೆ. ಆದರೆ ಹೆಣೆಯಲು ಕುಳಿತ ಮೇಲೆ ಹೆಚ್ಚು ನಿರಾಸೆ ಮಾಡುವ ನೂಲೂ ಇದೇ. ಹೂವಿನ ನಮೂನೆ ಹಾಕಿದರೆ ಹೂವು ಕಾಣುವುದಿಲ್ಲ. ಸಾದಾ ಸಾಲು ಹಾಕಿದರೆ ಒಂದು ಮೂಲೆಯಲ್ಲಿ ಕೆಂಪು ಕಲೆಗಟ್ಟಿದಂತೆ ನಿಲ್ಲುತ್ತದೆ, ಇನ್ನೊಂದು ಕಡೆ ಬಿಳಿ ಪಟ್ಟೆ ಎದ್ದು ಕಾಣುತ್ತದೆ. ಅರ್ಧ ಹೆಣೆದು ಬಿಟ್ಟ ಎಷ್ಟೋ ಹೊದಿಕೆಗಳು ಅಲಮಾರಿನ ಮೇಲಿನ ಅರೆಯಲ್ಲಿ ಕೂತಿರುವುದಕ್ಕೆ ಇದೇ ಕಾರಣ.

ಉಂಡೆಯಲ್ಲಿ ಬಣ್ಣಗಳು ಸುತ್ತಿಕೊಂಡಿರುವ ಕ್ರಮ ಬೇರೆ, ಹೆಣೆದ ಸಾಲಿನಲ್ಲಿ ಅವು ಬಂದು ಕೂರುವ ಕ್ರಮ ಬೇರೆ. ಎರಡರ ನಡುವೆ ಒಂದು ಸಣ್ಣ ಲೆಕ್ಕವಿದೆ. ಅಳತೆ ಪಟ್ಟಿಯೊಂದಿದ್ದರೆ ಸಾಕು, ಅದನ್ನು ಹತ್ತು ನಿಮಿಷದಲ್ಲಿ ಹಾಕಬಹುದು. ಈ ಬರಹದ ಹೆಚ್ಚಿನ ಪಾಲು ಆ ಲೆಕ್ಕಕ್ಕೇ ಮೀಸಲು. ಸರಪಳಿ, ಸಿಂಗಲ್ ಕ್ರೋಶಾ, ಕಂಬ (ಡಬಲ್ ಕ್ರೋಶಾ) ಇಷ್ಟು ಹಾಕಲು ಬರುವವರಿಗೆ ಇಲ್ಲಿರುವುದೆಲ್ಲ ಸಾಧ್ಯ.

ಅಕ್ರಿಲಿಕ್ ಎಂದರೆ ಏನು, ಯಾವುದಕ್ಕೆ ಬೇಡ

ನಾವು ಉಲನ್ ಎಂದು ಕರೆಯುವ ಈ ಉಂಡೆಗಳಲ್ಲಿ ಕುರಿಯ ಉಣ್ಣೆ ಸಾಮಾನ್ಯವಾಗಿ ಎಳೆಯಷ್ಟೂ ಇರುವುದಿಲ್ಲ. ಇದು ಪೆಟ್ರೋಲಿಯಂ ಮೂಲದ ಕೃತಕ ನಾರು. ಅಮೆರಿಕದ ಡ್ಯುಪಾಂಟ್ ಕಂಪನಿ ಆರ್ಲಾನ್ ಎಂಬ ಹೆಸರಿನಲ್ಲಿ ಇದನ್ನು 1950ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಶುರುಮಾಡಿತು. ನಮ್ಮ ದೇಶದಲ್ಲಿ ಇದರ ರಾಜಧಾನಿ ಪಂಜಾಬಿನ ಲೂಧಿಯಾನ. ವರ್ಧಮಾನ್, ಓಸ್ವಾಲ್ ಮೊದಲಾದ ಹೆಸರುಗಳು ಅಲ್ಲಿಯವೇ. ಚಳಿಗಾಲದಲ್ಲಿ ನಮ್ಮ ಊರುಗಳಿಗೆ ಬಂದು ಸ್ವೆಟರ್ ಮಾರುವ ಟಿಬೆಟನ್ ವ್ಯಾಪಾರಿಗಳ ಸರಕಿನಲ್ಲಿಯೂ ಲೂಧಿಯಾನದ ಪಾಲು ದೊಡ್ಡದು.

ಅಕ್ರಿಲಿಕ್‌ನ ಗುಣಗಳನ್ನು ಮೊದಲೇ ಒಪ್ಪಿಕೊಂಡರೆ ಮುಂದೆ ಜಗಳವಿಲ್ಲ. ಹಗುರ, ಬೆಚ್ಚಗೆ, ನುಸಿ ಹತ್ತುವುದಿಲ್ಲ, ಒಗೆದರೆ ಬೇಗ ಒಣಗುತ್ತದೆ, ಬಿಸಿಲಿಗೆ ನಾರು ಸುಲಭವಾಗಿ ಸೋಲುವುದಿಲ್ಲ. ನೀರನ್ನು ಮಾತ್ರ ಹೀರುವುದಿಲ್ಲ, ಆದ್ದರಿಂದ ಪಾತ್ರೆ ಒರೆಸುವ ಬಟ್ಟೆಗೆ ನಿಷ್ಪ್ರಯೋಜಕ. ಬಿಸಿ ತಾಗಿದರೆ ಕರಗುತ್ತದೆ, ಬೆಂಕಿ ತಾಗಿದರೆ ಉರಿದು ಅಂಟಿಕೊಳ್ಳುತ್ತದೆ. ಒಲೆಯಿಂದ ಪಾತ್ರೆ ಇಳಿಸುವ ಹಿಡಿಬಟ್ಟೆಯನ್ನೂ ಬಿಸಿ ಕುಕ್ಕರ್ ಇಡುವ ಮಣೆಯನ್ನೂ ಇದರಲ್ಲಿ ಎಂದಿಗೂ ಹೆಣೆಯಬೇಡಿ. ಅದಕ್ಕೆ ಹತ್ತಿ ನೂಲೇ ಆಗಬೇಕು. ರಾಯಚೂರು, ಕಲಬುರಗಿಯ ಬೇಸಿಗೆಗೆ ಅಕ್ರಿಲಿಕ್ ಅಂಗಿ ಹೆಣೆಯುವುದು ಹಟಮಾರಿತನ. ಮಡಿಕೇರಿಯ ಮಳೆಗಾಲಕ್ಕೆ, ಚಿಕ್ಕಮಗಳೂರಿನ ಡಿಸೆಂಬರಿಗೆ ಹೊದಿಕೆ, ಟೋಪಿ, ಮಫ್ಲರ್ ಮಾಡಿದರೆ ಅದೇ ನೂಲು ನೆಚ್ಚಿನದಾಗುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು

ಬೆಂಗಳೂರಿನಲ್ಲಾದರೆ ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಗಲ್ಲಿಗಳಲ್ಲಿ, ಬೇರೆ ಊರುಗಳಲ್ಲಾದರೆ ಟೈಲರಿಂಗ್ ಸಾಮಾನು ಮಾರುವ ಅಂಗಡಿಗಳಲ್ಲಿ ‘ಮಲ್ಟಿ ಕಲರ್ ಉಲನ್’ ಎಂದು ಕೇಳಿದರೆ ತೆಗೆದು ತೋರಿಸುತ್ತಾರೆ. ಆನ್‌ಲೈನಿನಲ್ಲಿಯೂ ಸಿಗುತ್ತದೆ. ಆದರೆ ಮೊದಲ ಸಲ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಿ ಎನ್ನುತ್ತೇನೆ. ಫೋಟೋದಲ್ಲಿ ಬಣ್ಣದ ಅಂದಾಜು ಸಿಗಬಹುದು, ನೂಲಿನ ಗುಣ ಸಿಗುವುದಿಲ್ಲ.

ಉಂಡೆಯ ಹೊರಗಿನ ಎಳೆಯನ್ನು ಒಂದಡಿ ಎಳೆದು ಎರಡು ಬೆರಳುಗಳ ನಡುವೆ ತಿರುವಿನ ವಿರುದ್ಧ ದಿಕ್ಕಿಗೆ ಉಜ್ಜಿ. ಎಳೆಗಳು ಕೂಡಲೇ ಬಿಚ್ಚಿ ಬೇರೆಬೇರೆಯಾದರೆ ಆ ನೂಲು ಕಡ್ಡಿಯ ಮೂತಿಗೆ ಪದೇಪದೇ ಸೀಳುತ್ತದೆ. ಆಮೇಲೆ ಅದೇ ಎಳೆಯನ್ನು ಅಂಗೈಗಳ ನಡುವೆ ಸ್ವಲ್ಪ ಹೊತ್ತು ಜೋರಾಗಿ ತಿಕ್ಕಿ. ಅಷ್ಟಕ್ಕೇ ಜುಂಗು ಎದ್ದರೆ ಒಂದೆರಡು ಒಗೆತದಲ್ಲಿ ಹೊದಿಕೆಯ ತುಂಬ ಉಂಡೆಯುಂಡೆ ಏಳುವುದು ಖಚಿತ. ಕೈಗೆ ಒರಟಾಗಿ ಕಚ್ಚುವ ನೂಲನ್ನು ಮಗುವಿನ ಟೋಪಿಗೆ ತೆಗೆದುಕೊಳ್ಳಬೇಡಿ, ಬಾಗಿಲ ತೋರಣಕ್ಕೆ ಧಾರಾಳವಾಗಿ ತೆಗೆದುಕೊಳ್ಳಿ.

ಸುತ್ತಿದ ಚೀಟಿಯ ಮೇಲೆ ತೂಕದ ಜೊತೆಗೆ ಲಾಟ್ ಸಂಖ್ಯೆ ಇರುತ್ತದೆ. ಒಂದು ಲಾಟ್ ಎಂದರೆ ಒಂದೇ ಸಲ ಬಣ್ಣ ಹಾಕಿದ ನೂಲು. ಬಹುಬಣ್ಣದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ, ನಂಬಬೇಡಿ. ಬಣ್ಣದ ಛಾಯೆ ಒಂದಾಗಿ ಕಂಡರೂ ಬಣ್ಣಬಣ್ಣದ ನಡುವಿನ ಉದ್ದ ಲಾಟಿನಿಂದ ಲಾಟಿಗೆ ಬದಲಾಗಬಹುದು, ಮತ್ತು ನಮ್ಮ ಲೆಕ್ಕ ನಿಂತಿರುವುದೇ ಆ ಉದ್ದದ ಮೇಲೆ. ಬೇಕಾದಷ್ಟನ್ನೂ ಒಂದೇ ಸಲ, ಒಂದೇ ಲಾಟಿನಲ್ಲಿ, ಒಂದುಂಡೆ ಹೆಚ್ಚಾಗಿಯೇ ತನ್ನಿ.

ಬಣ್ಣಗಳ ಆಯ್ಕೆಯಲ್ಲಿ ನನ್ನದೊಂದು ಖಚಿತ ಅಭಿಪ್ರಾಯವಿದೆ. ಗಾಢ ಕಪ್ಪಿನ ಪಕ್ಕದಲ್ಲಿ ಅಚ್ಚ ಬಿಳಿ ಇರುವ ಉಂಡೆ ಕೈಯಲ್ಲಿ ಎಷ್ಟೇ ಚೆಂದ ಕಂಡರೂ ಬಟ್ಟೆಯಲ್ಲಿ ಗದ್ದಲ ಮಾಡುತ್ತದೆ. ಕಡುನೀಲಿ, ನೀಲಿ, ತಿಳಿನೀಲಿ, ಹಸಿರು ಹೀಗೆ ಒಂದಕ್ಕೊಂದು ನೆಂಟಸ್ತಿಕೆ ಇರುವ ಬಣ್ಣಗಳು ಹೇಗೆ ಬಂದು ಕೂತರೂ ಒಪ್ಪುತ್ತವೆ. ಸಂದೇಹವಿದ್ದರೆ ಮೊಬೈಲಿನಲ್ಲಿ ಉಂಡೆಯ ಕಪ್ಪು-ಬಿಳುಪು ಚಿತ್ರ ತೆಗೆದು ನೋಡಿ. ಬೂದುಬಣ್ಣಗಳ ನಡುವೆ ಅಂತರ ಕಡಿಮೆ ಇದ್ದರೆ ಆ ನೂಲು ಶಾಂತವಾಗಿ ಹೆಣೆದುಕೊಳ್ಳುತ್ತದೆ.

ಕಡ್ಡಿ ಮತ್ತು ಉಂಡೆ ಸುತ್ತುವುದು

ನಮ್ಮಲ್ಲಿ ಹೆಚ್ಚಾಗಿ ಸಿಗುವ ಮಧ್ಯಮ ದಪ್ಪದ ಉಲನ್‌ಗೆ 4 ಮಿ.ಮೀ. ಅಥವಾ 4.5 ಮಿ.ಮೀ. ಕಡ್ಡಿ ಸರಿ. ಸೀರೆ ಕುಚ್ಚಿಗೆ ಬಳಸುವ ಸಣ್ಣ ಉಕ್ಕಿನ ಕಡ್ಡಿ ಇದಕ್ಕೆ ಆಗದು. ನೂಲು ಸೀಳುವ ಜಾತಿಯದಾದರೆ ಮೂತಿ ಗುಂಡಗಿರುವ ಅಲ್ಯೂಮಿನಿಯಂ ಕಡ್ಡಿ ಆರಿಸಿ. ಇನ್ನು ಬೇಕಾದದ್ದು ಅಳತೆ ಪಟ್ಟಿ, ಕತ್ತರಿ, ದೊಡ್ಡ ಕಣ್ಣಿನ ದಬ್ಬಳ, ಮತ್ತು ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ. ತಕ್ಕಡಿ ಯಾಕೆಂದು ಮುಂದೆ ಹೇಳುತ್ತೇನೆ.

ನೂಲು ಲಡಿಯಾಗಿ ಬಂದಿದ್ದರೆ ಕುರ್ಚಿಯ ಬೆನ್ನಿಗೆ ಹಾಕಿಕೊಂಡು ಉಂಡೆ ಸುತ್ತಿ. ಬಿಗಿಯಾಗಿ ಸುತ್ತಬಾರದು. ಹಿಗ್ಗಿದ ಸ್ಥಿತಿಯಲ್ಲೇ ಹೆಣೆದ ಅಕ್ರಿಲಿಕ್ ಆಮೇಲೆ ಸಡಿಲಗೊಂಡು ಬಟ್ಟೆ ಕುಗ್ಗುತ್ತದೆ. ಸುತ್ತುವಾಗಲೇ ಗಂಟುಗಳು ಕೈಗೆ ಸಿಗುತ್ತವೆ. ಅಗ್ಗದ ನೂಲಿನಲ್ಲಿ ಗಂಟು ಇದ್ದೇ ಇರುತ್ತದೆ, ಬೇಸರಿಸಬೇಡಿ. ಆದರೆ ಗಂಟಿನ ಎರಡೂ ಕಡೆ ಬಣ್ಣ ಯಾವುದೆಂದು ನೋಡಿಕೊಳ್ಳಿ. ಕಾರ್ಖಾನೆಯಲ್ಲಿ ಹಸಿರಿನ ಮಧ್ಯಕ್ಕೆ ಕೆಂಪಿನ ಮಧ್ಯವನ್ನು ಕಟ್ಟಿ ಕಳಿಸಿರುತ್ತಾರೆ, ಅಲ್ಲಿಗೆ ಬಣ್ಣದ ಸರದಿ ಕೆಡುತ್ತದೆ.

ಬಣ್ಣದ ಸುತ್ತನ್ನು ಅಳೆಯುವುದು

ಎರಡು ಮೂರು ಮೀಟರ್ ನೂಲನ್ನು ಮೇಜಿನ ಮೇಲೆ ಎಳೆಯದೆ, ಸಡಿಲ ಬಿಡದೆ ನೇರವಾಗಿ ಹಾಸಿ. ಒಂದು ಬಣ್ಣ ಶುರುವಾಗುವ ಜಾಗವನ್ನು ಹಿಡಿದು, ಅದೇ ಬಣ್ಣ ಅದೇ ಕ್ರಮದಲ್ಲಿ ಮತ್ತೆ ಶುರುವಾಗುವವರೆಗೆ ಅಳೆಯಿರಿ. ಇದು ಒಂದು ಸುತ್ತು. ಸುತ್ತಿನೊಳಗೆ ಪ್ರತಿ ಬಣ್ಣದ ಉದ್ದವನ್ನೂ ಬರೆದುಕೊಳ್ಳಿ. ಕೆಲವು ನೂಲುಗಳಲ್ಲಿ ಬಣ್ಣಗಳು ಕೆಂಪು, ಹಳದಿ, ಹಸಿರು ಎಂದು ಹೋಗಿ ಹಳದಿಯ ಮೂಲಕವೇ ವಾಪಸು ಬರುತ್ತವೆ. ಅಲ್ಲಿ ಎರಡನೆಯ ಹಳದಿಗೆ ಸುತ್ತು ಮುಗಿಯಿತೆಂದು ಎಣಿಸಬಾರದು.

ಈ ಅಳತೆಯಿಂದ ಮೂರು ಬಗೆಯ ನೂಲುಗಳು ಬೇರೆಯಾಗುತ್ತವೆ. ಪ್ರತಿ ಬಣ್ಣ ನಾಲ್ಕೈದು ಸೆಂ.ಮೀ. ಮಾತ್ರವಿದ್ದರೆ ಬಟ್ಟೆ ಚುಕ್ಕಿಚುಕ್ಕಿಯಾಗಿ ಬರುತ್ತದೆ, ಒಂದೇ ಬಣ್ಣ ಒಂದು ಕಡೆ ಗುಂಪುಗಟ್ಟುವ ಭಯವಿಲ್ಲ. ಪ್ರತಿ ಬಣ್ಣ ಹಲವು ಮೀಟರ್ ಇದ್ದರೆ ಸಾಲುಸಾಲಾಗಿ ತಾನೇ ಪಟ್ಟೆ ಮೂಡುತ್ತದೆ, ಅಲ್ಲಿಯೂ ಚಿಂತೆಯಿಲ್ಲ. ತೊಂದರೆ ಕೊಡುವುದು ನಡುವಿನದು: ಪ್ರತಿ ಬಣ್ಣ ಒಂದು ಗೇಣಿನಿಂದ ಒಂದು ಮೊಳದವರೆಗೆ ಇರುವ ನೂಲು. ಅಗ್ಗದ ಉಂಡೆಗಳಲ್ಲಿ ಹೆಚ್ಚಿನವು ಈ ಜಾತಿಯವೇ.

ಈಗ ಒಂದು ಹೊಲಿಗೆಗೆ ಎಷ್ಟು ನೂಲು ಬೇಕೆಂದು ತಿಳಿಯಬೇಕು. ಇಪ್ಪತ್ತು ಸರಪಳಿ ಹಾಕಿ ಸಿಂಗಲ್ ಕ್ರೋಶಾದಲ್ಲಿ ನಾಲ್ಕು ಸಾಲು ಹೆಣೆಯಿರಿ. ಕೊನೆಯ ಸಾಲಿನಲ್ಲಿ ಹತ್ತು ಹೊಲಿಗೆಗಳನ್ನು ಮಾತ್ರ ಬಿಚ್ಚಿ, ಬಿಚ್ಚಿದ ನೂಲನ್ನು ಅಳೆಯಿರಿ. 35 ಸೆಂ.ಮೀ. ಬಂದರೆ ಹೊಲಿಗೆಗೆ ಮೂರೂವರೆ ಸೆಂ.ಮೀ. ಸುತ್ತು 140 ಸೆಂ.ಮೀ. ಇದ್ದರೆ ಒಂದು ಸುತ್ತಿನಲ್ಲಿ 40 ಹೊಲಿಗೆ. ನಾಲ್ಕು ಬಣ್ಣ ಸಮನಾಗಿದ್ದರೆ ಬಣ್ಣಕ್ಕೆ ಹತ್ತು. ನಿಮ್ಮ ಕೈ ಬಿಗಿಯೋ ಸಡಿಲವೋ ಅದರ ಮೇಲೆ ಈ ಸಂಖ್ಯೆ ಬದಲಾಗುವುದರಿಂದ ಬೇರೆಯವರ ಲೆಕ್ಕ ನಿಮಗೆ ಹೊಂದುವುದಿಲ್ಲ.

ಈ 40 ಎಂಬ ಸಂಖ್ಯೆ ಕೈಯಲ್ಲಿದ್ದರೆ ಬಟ್ಟೆ ಹೇಗೆ ಬರುತ್ತದೆಂದು ಹೆಣೆಯುವ ಮೊದಲೇ ಹೇಳಬಹುದು. ತಿರುಗಿಸದೆ ಸುತ್ತಲೂ ಹೆಣೆಯುವ ಟೋಪಿಗೆ 80 ಹೊಲಿಗೆ ಇಟ್ಟರೆ ಬಣ್ಣದ ಸುತ್ತು ಸರಿಯಾಗಿ ಎರಡು ಸಲ ಕೂರುತ್ತದೆ, ಕೆಂಪಿನ ಮೇಲೆ ಕೆಂಪೇ ಬಂದು ಕೆಳಗಿನಿಂದ ಮೇಲಕ್ಕೆ ಬಣ್ಣದ ಪಟ್ಟೆಗಳು ಏಳುತ್ತವೆ. 81 ಇಟ್ಟರೆ ಆ ಪಟ್ಟೆಗಳು ಓರೆಯಾಗಿ ಹರಿದು ಸುರುಳಿಯಾಗುತ್ತವೆ. 60 ಇಟ್ಟರೆ ಒಂದೂವರೆ ಸುತ್ತು, ಅಂದರೆ ಒಂದು ಬಿಟ್ಟು ಒಂದು ಸಾಲಿನಲ್ಲಿ ಬಣ್ಣಗಳು ಎದುರುಬದುರಾಗಿ ಬೆರೆಯುತ್ತವೆ. ಇಪ್ಪತ್ತು ಹೊಲಿಗೆಯ ವ್ಯತ್ಯಾಸದಲ್ಲಿ ಒಂದೇ ಉಂಡೆ ಮೂರು ಬೇರೆ ನೂಲಿನಂತೆ ಕಾಣುತ್ತದೆ.

ಹಿಂದೆ ಮುಂದೆ ತಿರುಗಿಸಿ ಹೆಣೆಯುವ ಚಪ್ಪಟೆ ತುಂಡಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಾಲಿನ ಕೊನೆಯ ನಾಲ್ಕೈದು ಹೊಲಿಗೆ ಮತ್ತು ತಿರುಗಿದ ಮೇಲಿನ ಮೊದಲ ನಾಲ್ಕೈದು ಹೊಲಿಗೆ ನೂಲಿನಲ್ಲಿ ಅಕ್ಕಪಕ್ಕದವು. ಆದ್ದರಿಂದ ಅಂಚಿನಲ್ಲಿ ಒಂದೇ ಬಣ್ಣ ಎರಡು ಸಾಲು ದಪ್ಪವಾಗಿ ಕೂರುತ್ತದೆ, ನಡುವಿನಲ್ಲಿ ಬಣ್ಣ ಹರಡಿಕೊಳ್ಳುತ್ತದೆ. ಹೊದಿಕೆಯ ಮಧ್ಯ ಚೆನ್ನಾಗಿದ್ದು ಅಂಚು ಮಾತ್ರ ತೇಪೆ ಹಾಕಿದಂತೆ ಕಾಣುವುದು ಇದರಿಂದಲೇ. ಅಗಲ ಕಡಿಮೆಯಾದಷ್ಟೂ ಇದು ಹೆಚ್ಚು ಕಣ್ಣಿಗೆ ಹೊಡೆಯುತ್ತದೆ.

ಯಾವ ಹೆಣಿಗೆ ಹೊಂದುತ್ತದೆ

ಬಣ್ಣ ಮಾತನಾಡುವಾಗ ನಮೂನೆ ಸುಮ್ಮನಿರಬೇಕು. ಉಬ್ಬು ಜಡೆ, ಎಲೆ, ಅನಾನಸ್ ನಮೂನೆ ಇವಕ್ಕೆಲ್ಲ ಗಂಟೆಗಟ್ಟಲೆ ಕೂತರೂ ಬಹುಬಣ್ಣದಲ್ಲಿ ಕಾಣುವುದಿಲ್ಲ; ಅವನ್ನು ಒಂದೇ ಬಣ್ಣಕ್ಕೆ ಇಟ್ಟುಕೊಳ್ಳಿ. ಆಂಧ್ರದ ನರಸಾಪುರದ ಕ್ರೋಶಾ ಲೇಸ್ ನೋಡಿದವರಿಗೆ ಇದು ಅರ್ಥವಾಗುತ್ತದೆ. ಬಿಳಿ ಹತ್ತಿ ನೂಲಿನಲ್ಲಿ ಒಂದೊಂದು ಕಣ್ಣೂ ಎಣಿಸುವಷ್ಟು ಸ್ಪಷ್ಟವಾಗಿರುತ್ತದೆ. ಅದೇ ಕೆಲಸವನ್ನು ಐದು ಬಣ್ಣದ ಉಲನ್‌ನಲ್ಲಿ ಮಾಡಿದರೆ ಶ್ರಮ ವ್ಯರ್ಥ.

ನನ್ನ ಮೊದಲ ಆಯ್ಕೆ ಮಾಸ್ ಹೆಣಿಗೆ. ಒಂದು ಸಿಂಗಲ್, ಒಂದು ಸರಪಳಿ, ಮತ್ತೆ ಒಂದು ಸಿಂಗಲ್. ಮುಂದಿನ ಸಾಲಿನ ಸಿಂಗಲ್ ಕೆಳಗಿನ ಸರಪಳಿಯ ಸಂದಿಗೆ ಬೀಳುತ್ತದೆ. ಹೀಗೆ ಪ್ರತಿ ಸಾಲಿನ ಬಣ್ಣವೂ ಕೆಳಗಿನ ಸಾಲಿನೊಳಗೆ ಒಂದಿಷ್ಟು ಇಳಿಯುವುದರಿಂದ ಬಣ್ಣಗಳ ಗಡಿ ಒಡೆಯುತ್ತದೆ. ಬಟ್ಟೆ ಮೆದುವಾಗಿ ಜೋಲುತ್ತದೆ, ಬರೀ ಸಿಂಗಲ್‌ನಂತೆ ರಟ್ಟಾಗುವುದಿಲ್ಲ.

ನಡುವಿನಿಂದ ಹೊರಕ್ಕೆ ಸುತ್ತುತ್ತ ಹೆಣೆಯುವ, ಮೂರು ಮೂರು ಕಂಬಗಳ ಗ್ರಾನಿ ಚೌಕವೂ ಹೊಂದುತ್ತದೆ, ಆದರೆ ಬೇರೆ ರೀತಿಯಲ್ಲಿ. ಇಲ್ಲಿ ಸುತ್ತು ಎಂದರೆ ಬಣ್ಣದ ಸುತ್ತಲ್ಲ, ಚೌಕದ ಸುತ್ತಲೂ ಹಾಕುವ ಒಂದು ಸಾಲು. ನಡುವಿನ ಚಿಕ್ಕ ಸುತ್ತುಗಳಲ್ಲಿ ಒಂದೇ ಬಣ್ಣ ಇಡೀ ಸುತ್ತನ್ನು ತುಂಬುತ್ತದೆ, ಹೊರಗೆ ಹೋದಂತೆ ಒಂದೊಂದು ಬದಿಯಲ್ಲಿ ಎರಡು ಮೂರು ಬಣ್ಣ ಬರುತ್ತವೆ. ದೊಡ್ಡ ಒಂದೇ ಚೌಕಕ್ಕಿಂತ ನಾಲ್ಕು ಸುತ್ತಿನ ಚಿಕ್ಕ ಚೌಕಗಳನ್ನು ಮಾಡಿ, ಪ್ರತಿ ಚೌಕದ ಕೊನೆಯ ಸುತ್ತನ್ನು ಒಂದೇ ಬಣ್ಣದಲ್ಲಿ ಮುಗಿಸಿ ಜೋಡಿಸಿದರೆ ಉತ್ತರ ಕರ್ನಾಟಕದ ಕೌದಿಯ ಹದ ಸಿಗುತ್ತದೆ. ತುಂಡುಗಳು ಎಷ್ಟೇ ಬೇರೆಬೇರೆಯಾಗಿದ್ದರೂ ಸುತ್ತಲಿನ ಒಂದೇ ಬಣ್ಣ ಎಲ್ಲವನ್ನೂ ಕೂಡಿಸುತ್ತದೆ. ಮೂಲೆಯಿಂದ ಶುರುವಾಗಿ ಅಗಲಗೊಳ್ಳುವ ತ್ರಿಕೋನ ಶಾಲಿನಲ್ಲಿ ಸಾಲಿನ ಉದ್ದ ಪ್ರತಿ ಸಲವೂ ಬದಲಾಗುತ್ತ ಹೋಗುವುದರಿಂದ ಬಣ್ಣ ಒಂದೇ ಜಾಗದಲ್ಲಿ ಬಹಳ ಹೊತ್ತು ನಿಲ್ಲಲಾರದು. ಲೆಕ್ಕವೇ ಬೇಡ ಎನ್ನುವವರಿಗೆ ಅದೇ ಸುಲಭದ ದಾರಿ.

ನಮೂನೆ ನೋಡಿ ಹೆಣೆಯುವವರಿಗೆ ಒಂದು ಎಚ್ಚರಿಕೆ. ಅಮೆರಿಕದ ನಮೂನೆಯಲ್ಲಿ ಸಿಂಗಲ್ ಎಂದಿರುವುದನ್ನು ಬ್ರಿಟನ್ನಿನ ನಮೂನೆಯಲ್ಲಿ ಡಬಲ್ ಎನ್ನುತ್ತಾರೆ, ಅಮೆರಿಕದ ಡಬಲ್ ಅಲ್ಲಿ ಟ್ರೆಬಲ್. ನಾನಿಲ್ಲಿ ಅಮೆರಿಕದ ಕ್ರಮವನ್ನೇ ಬಳಸಿದ್ದೇನೆ. ಅವರ ಡಬಲ್ ನಮ್ಮ ಕಂಬ.

ಮಗುವಿನ ಹೊದಿಕೆ: ಹಂತಹಂತವಾಗಿ

ಅಳತೆ 75 ಸೆಂ.ಮೀ. ಅಗಲ, 90 ಸೆಂ.ಮೀ. ಉದ್ದ. ಒಂದು ಬಹುಬಣ್ಣದ ನೂಲು, ಅದರ ಜೊತೆಗೆ ಒಂದು ಸಾದಾ ನೂಲು. ಸಾದಾ ಬಣ್ಣವನ್ನು ಬಹುಬಣ್ಣದ ಉಂಡೆಯಲ್ಲಿರುವ ಅತ್ಯಂತ ಕಡಿಮೆ ಕಾಣುವ ಬಣ್ಣದಿಂದ ಆರಿಸಿದರೆ ಚೆನ್ನ. ತೋಚದಿದ್ದರೆ ಕೆನೆಬಣ್ಣ ಯಾವುದಕ್ಕೂ ಒಪ್ಪುತ್ತದೆ. ಎರಡೂ ಒಂದೇ ದಪ್ಪದ್ದಾಗಿರಬೇಕು, ಸಾಧ್ಯವಾದರೆ ಒಂದೇ ಕಂಪನಿಯದು.

ಮೊದಲು 4.5 ಮಿ.ಮೀ. ಕಡ್ಡಿಯಲ್ಲಿ, ಎರಡೂ ನೂಲು ಬಳಸಿ, ಮಾಸ್ ಹೆಣಿಗೆಯಲ್ಲಿ 15 ಸೆಂ.ಮೀ. ಚೌಕದ ಒಂದು ತುಂಡು ಮಾಡಿ. ಅದರ ಮಧ್ಯದ 10 ಸೆಂ.ಮೀ.ಯಲ್ಲಿ ಸಿಂಗಲ್ ಮತ್ತು ಸರಪಳಿ ಸೇರಿ ಎಷ್ಟಿವೆ ಎಂದು ಎಣಿಸಿ. ಆಮೇಲೆ ತಕ್ಕಡಿಯ ಮೇಲಿಡಿ. ತುಂಡು 12 ಗ್ರಾಂ ಇದ್ದರೆ ಲೆಕ್ಕ ಹೀಗೆ: ತುಂಡಿನ ವಿಸ್ತೀರ್ಣ 225, ಹೊದಿಕೆಯದು 6,750, ಅಂದರೆ ಸರಿಯಾಗಿ ಮೂವತ್ತು ಪಟ್ಟು. 360 ಗ್ರಾಂ ನೂಲು ಬೇಕು, ಅಂಚಿಗೆ ಇನ್ನು 40. ನೂರು ಗ್ರಾಂ ಉಂಡೆಯಾದರೆ ಬಹುಬಣ್ಣ ಎರಡು, ಸಾದಾ ಮೂರು. ಈ ತುಂಡನ್ನು ಬಿಚ್ಚಬೇಡಿ, ಕೊನೆಯಲ್ಲಿ ಹಬೆಯ ಪರೀಕ್ಷೆಗೆ ಇದೇ ಬೇಕು.

10 ಸೆಂ.ಮೀ.ಗೆ 18 ಬಂದಿದ್ದರೆ 75 ಸೆಂ.ಮೀ.ಗೆ 135. ಈ ಹೆಣಿಗೆಗೆ ಸಮಸಂಖ್ಯೆ ಬೇಕು, ತಿರುವಿಗೆಂದು ಎರಡು ಸೇರಿಸಬೇಕು. ಸಾದಾ ನೂಲಿನಲ್ಲಿ 138 ಸರಪಳಿ ಹಾಕಿ. ಸರಪಳಿಯನ್ನು ಮಾತ್ರ 5 ಮಿ.ಮೀ. ಕಡ್ಡಿಯಲ್ಲಿ ಹಾಕಿದರೆ ಕೆಳಗಿನ ಅಂಚು ಬಿಗಿದುಕೊಂಡು ಬಿಲ್ಲಾಗುವುದಿಲ್ಲ. ಇಪ್ಪತ್ತಿಪ್ಪತ್ತಕ್ಕೆ ಒಂದೊಂದು ಪಿನ್ನು ಸಿಕ್ಕಿಸಿಕೊಳ್ಳಿ; ಮಧ್ಯದಲ್ಲಿ ಬಾಗಿಲ ಗಂಟೆ ಬಾರಿಸಿದರೂ ಮೊದಲಿನಿಂದ ಎಣಿಸಬೇಕಾಗುವುದಿಲ್ಲ.

ಮೊದಲ ಸಾಲು: ಕಡ್ಡಿಯಿಂದ ನಾಲ್ಕನೆಯ ಸರಪಳಿಗೆ ಒಂದು ಸಿಂಗಲ್. ಆಮೇಲೆ ಒಂದು ಸರಪಳಿ, ಕೆಳಗೆ ಒಂದನ್ನು ಬಿಟ್ಟು ಮುಂದಿನದಕ್ಕೆ ಸಿಂಗಲ್. ಹೀಗೇ ಕೊನೆಯವರೆಗೆ. ಕೊನೆಯ ಸರಪಳಿಗೆ ಸಿಂಗಲ್ ಬೀಳಬೇಕು. ಬೀಳದಿದ್ದರೆ ಎಣಿಕೆ ಎಲ್ಲೋ ತಪ್ಪಿದೆ. ಸರಿಯಾಗಿದ್ದರೆ ಸಾಲಿನಲ್ಲಿ 68 ಸಿಂಗಲ್ ಇರುತ್ತವೆ.

ಎರಡನೆಯ ಸಾಲು: ಎರಡು ಸರಪಳಿ ಹಾಕಿ ತಿರುಗಿಸಿ. ಮೊದಲ ಸಿಂಗಲ್ ಬಿಟ್ಟು, ಸರಪಳಿಯ ಕೆಳಗಿನ ಸಂದಿಗೆ ಸಿಂಗಲ್. ಒಂದು ಸರಪಳಿ, ಮುಂದಿನ ಸಂದಿಗೆ ಸಿಂಗಲ್. ಕೊನೆಯ ಸಿಂಗಲ್ ತಿರುವಿನ ಸರಪಳಿಗಳ ಸಂದಿಗೆ. ಆ ಕೊನೆಯದನ್ನು ಮರೆತರೆ ಹೊದಿಕೆ ಸಾಲಿಗೊಂದು ಹೊಲಿಗೆ ಸೊರಗಿ ತ್ರಿಕೋನವಾಗುತ್ತ ಹೋಗುತ್ತದೆ. ಮತ್ತೆ 68 ಇರಬೇಕು. ಮುಂದಿನ ಸಾಲುಗಳೆಲ್ಲ ಇದರಂತೆಯೇ.

ಎರಡು ಸಾಲು ಸಾದಾ, ಎರಡು ಸಾಲು ಬಹುಬಣ್ಣ. ಬಣ್ಣ ಬದಲಿಸುವುದು ಎರಡನೆಯ ಸಾಲಿನ ಕೊನೆಯ ಸಿಂಗಲ್‌ನಲ್ಲಿ. ಕಡ್ಡಿಯ ಮೇಲೆ ಎರಡು ಕುಣಿಕೆ ಉಳಿದಾಗ ಹಳೆಯ ನೂಲನ್ನು ಬಿಟ್ಟು ಹೊಸದನ್ನು ಎಳೆದು ಎರಡರೊಳಗಿಂದಲೂ ಹೊರತೆಗೆಯಿರಿ. ಹೊಲಿಗೆ ಮುಗಿದ ಮೇಲೆ ಬದಲಿಸಿದರೆ ಮುಂದಿನ ಸಾಲಿನ ತಲೆಯಲ್ಲಿ ಹಳೆಯ ಬಣ್ಣದ ಒಂದು ಹನಿ ಉಳಿಯುತ್ತದೆ. ಹಳೆಯ ನೂಲನ್ನು ಕತ್ತರಿಸಬೇಡಿ. ಎರಡೆರಡು ಸಾಲಾದ್ದರಿಂದ ಎರಡೂ ಉಂಡೆ ಒಂದೇ ಬದಿಯಲ್ಲಿರುತ್ತವೆ. ಅಂಚಿನಗುಂಟ ಸಡಿಲವಾಗಿ ಮೇಲೆ ತನ್ನಿ. ಬಿಗಿಯಾಗಿ ಎಳೆದರೆ ಆ ಬದಿ ಮಾತ್ರ ಕುಗ್ಗುತ್ತದೆ.

ಹೊಸ ಬಹುಬಣ್ಣದ ಉಂಡೆ ಜೋಡಿಸುವಾಗ ಹಳೆಯದು ಯಾವ ಬಣ್ಣದಲ್ಲಿ ಮುಗಿಯಿತೋ ಹೊಸದನ್ನು ಅಲ್ಲಿಂದಲೇ ಶುರುಮಾಡಿ. ನಡುವೆ ಒಂದೆರಡು ಅಡಿ ಕತ್ತರಿಸಬೇಕಾದರೆ ಕತ್ತರಿಸಿ. ದಿಕ್ಕನ್ನೂ ನೋಡಿ: ಒಂದು ಉಂಡೆಯನ್ನು ಹೊರಗಿನಿಂದಲೂ ಇನ್ನೊಂದನ್ನು ಒಳಗಿನಿಂದಲೂ ಎಳೆದರೆ ಬಣ್ಣಗಳ ಸರದಿ ತಲೆಕೆಳಗಾಗಬಹುದು.

90 ಸೆಂ.ಮೀ. ಆಗುವ ಸ್ವಲ್ಪ ಮೊದಲು ಸಾದಾ ನೂಲಿನ ಎರಡು ಸಾಲಿನಲ್ಲಿ ನಿಲ್ಲಿಸಿ. ಕತ್ತರಿಸದೆ ಸುತ್ತಲೂ ಸಾದಾ ನೂಲಿನಲ್ಲೇ ಸಿಂಗಲ್ ಹಾಕಿ, ಬದಿಗಳಲ್ಲಿ ಸಾಲಿಗೊಂದರಂತೆ, ಮೂಲೆಗೆ ಮೂರು. ಬದಿಯಲ್ಲಿ ಮೇಲೆ ತಂದ ನೂಲು ಈ ಹೊಲಿಗೆಗಳ ಒಳಗೆ ಅಡಗಬೇಕು. ಅಂಚು ಅಲೆಅಲೆಯಾದರೆ ಹೊಲಿಗೆ ಹೆಚ್ಚಾಗಿದೆ, ಒಳಕ್ಕೆ ಎಳೆದರೆ ಕಡಿಮೆಯಾಗಿದೆ. ಇಂಥ ಎರಡು ಸುತ್ತು ಸಾಕು. ಮಗುವಿನ ಹೊದಿಕೆಗೆ ಉದ್ದ ಕುಚ್ಚು, ಮಣಿ ಬೇಡವೇ ಬೇಡ. ಬೆರಳು ಸಿಕ್ಕಿಕೊಳ್ಳುವಷ್ಟು ದೊಡ್ಡ ಕಿಂಡಿಗಳ ಜಾಳಿಗೆಯೂ ಬೇಡ.

ಕುಲಾವಿ, ತೋರಣ

ಉಳಿದ ನೂಲಿನಲ್ಲಿ ಮಗುವಿಗೆ ಒಂದು ಕುಲಾವಿ ಆಗುತ್ತದೆ. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 34 ಸೆಂ.ಮೀ. ಆದರೆ ಕೆಲವೇ ತಿಂಗಳಲ್ಲಿ ಅದು 40 ದಾಟುತ್ತದೆ. ಆದ್ದರಿಂದ ಸ್ವಲ್ಪ ದೊಡ್ಡದನ್ನೇ ಹೆಣೆಯಿರಿ. ನೆತ್ತಿಯನ್ನು ಬಹುಬಣ್ಣದಲ್ಲಿ ಹೆಣೆದು, ಹಣೆಗೆ ತಾಗುವ ಪಟ್ಟಿಯನ್ನು ಸಾದಾ ಬಣ್ಣದಲ್ಲಿ ಇಟ್ಟರೆ ಮಗುವಿನ ಮುಖ ಎದ್ದು ಕಾಣುತ್ತದೆ, ಟೋಪಿಯಲ್ಲ.

ಬಾಗಿಲ ತೋರಣಕ್ಕೆ ಒರಟು ನೂಲೇ ಒಳ್ಳೆಯದು, ನೆಟ್ಟಗೆ ನಿಲ್ಲುತ್ತದೆ. ಹೂವಿನ ನಡುವಿನ ಬೊಟ್ಟು ಅರಿಶಿನ ಬಣ್ಣದಲ್ಲಿ, ದಳಗಳು ಬಹುಬಣ್ಣದಲ್ಲಿ, ಎಲೆಗಳು ಅಚ್ಚ ಹಸಿರಿನಲ್ಲಿ ಇರಲಿ. ಪ್ರತಿ ಹೂವನ್ನೂ ಬೇರೆ ಬಣ್ಣದಿಂದ ಶುರುಮಾಡಿದರೆ ಒಂದೇ ಉಂಡೆಯಿಂದ ಹತ್ತು ಬಗೆಯ ಹೂವು ಬರುತ್ತವೆ. ಎಲ್ಲವನ್ನೂ ಬಹುಬಣ್ಣದಲ್ಲೇ ಮಾಡಿದರೆ ದೂರದಿಂದ ಹೂವು ಯಾವುದು ಎಲೆ ಯಾವುದು ಗೊತ್ತಾಗುವುದಿಲ್ಲ, ತೋರಣವನ್ನು ನೋಡುವುದು ಮಾತ್ರ ದೂರದಿಂದಲೇ.

ಹಟವಿರುವವರಿಗೆ: ಚೌಕುಳಿ ಮಫ್ಲರ್

ಗುಂಪುಗಟ್ಟುವ ಗುಣವನ್ನೇ ಬಳಸಿಕೊಂಡು ಓರೆ ಚೌಕುಳಿ ಮೂಡಿಸಬಹುದು. ಇದಕ್ಕೆ ಬಣ್ಣಗಳ ಉದ್ದ ಎಲ್ಲೆಡೆ ಒಂದೇ ಆಗಿರುವ, ಸರದಿ ವಾಪಸು ಬಾರದ ನೂಲು ಬೇಕು.

ಮಾಸ್ ಹೆಣಿಗೆಯಲ್ಲಿ ಒಂದು ಸಿಂಗಲ್ ಮತ್ತು ಒಂದು ಸರಪಳಿಯನ್ನು ಒಂದು ಜೋಡಿ ಎಂದಿಟ್ಟುಕೊಳ್ಳಿ. ಮಾದರಿ ತುಂಡಿನಲ್ಲಿ ಪ್ರತಿ ಬಣ್ಣಕ್ಕೆ ಎಷ್ಟು ಜೋಡಿ ಬರುತ್ತವೆಂದು ನೋಡಿ. ಬಣ್ಣಕ್ಕೆ ಆರರಂತೆ ನಾಲ್ಕು ಬಣ್ಣವಿದ್ದರೆ ಸುತ್ತಿಗೆ 24 ಜೋಡಿ. ನಿಮ್ಮ ಸಾಲು 23 ಜೋಡಿಯದಾಗಿರಲಿ. ಸಾಲು ಸಾಲಿಗೂ ಬಣ್ಣ ಒಂದು ಜೋಡಿ ಜರುಗುತ್ತದೆ. ತಿರುಗಿಸಿ ಹೆಣೆಯುವುದರಿಂದ ಸಮ ಸಾಲುಗಳ ಓರೆ ಒಂದು ಕಡೆಗೆ, ಬೆಸ ಸಾಲುಗಳ ಓರೆ ಇನ್ನೊಂದು ಕಡೆಗೆ ಹೋಗಿ ಮಧ್ಯೆ ಹಾಯುತ್ತವೆ. ಹತ್ತು ಹನ್ನೆರಡು ಸಾಲಾಗುವವರೆಗೆ ಏನೂ ಕಾಣುವುದಿಲ್ಲ, ಬಿಟ್ಟುಬಿಡಬೇಡಿ. 10 ಸೆಂ.ಮೀ.ಗೆ 18ರ ಲೆಕ್ಕದಲ್ಲಿ ಅಗಲ ಸುಮಾರು 25 ಸೆಂ.ಮೀ., ಮಫ್ಲರಿಗೆ ಸರಿಯಾದದ್ದು. ಬುಡದ ಸರಪಳಿಯನ್ನು ಬೇರೆ ಸಾದಾ ನೂಲಿನಲ್ಲಿ ಹಾಕಿ, ಸರಪಳಿಗೆ ನೂಲು ಕಡಿಮೆ ಹಿಡಿಯುವುದರಿಂದ ಅಲ್ಲಿ ಬಣ್ಣದ ಲೆಕ್ಕ ಕೂರುವುದಿಲ್ಲ.

ಪ್ರತಿ ಬಣ್ಣಕ್ಕೂ ಆರೇ ಜೋಡಿ ಬರುವಂತೆ ಕೈ ಹೊಂದಿಸುವುದೇ ಇಲ್ಲಿಯ ವಿದ್ಯೆ. ಐದೂವರೆಗೇ ಬಣ್ಣ ಮುಗಿದರೆ ಆ ಬಣ್ಣದಷ್ಟನ್ನು ಬಿಚ್ಚಿ ಬಿಗಿಯಾಗಿ ಹಾಕಿ. ಆರಾದ ಮೇಲೂ ಉಳಿದರೆ ಬಿಚ್ಚಿ ಸಡಿಲವಾಗಿ ಹಾಕಿ. ಇದನ್ನು ಟಿ.ವಿ. ನೋಡುತ್ತ ಮಾಡಲಾಗದು. ನಡುವೆ ಕಾರ್ಖಾನೆಯ ಗಂಟು ಬಂದರೆ ಸರದಿ ಮತ್ತೆ ಸರಿಯಾಗುವ ಜಾಗದವರೆಗೆ ನೂಲನ್ನು ಕತ್ತರಿಸಿ ಎಸೆಯುವ ಧಾರಾಳತನ ಬೇಕು. ಅಗ್ಗದ ನೂಲಾದ್ದರಿಂದ ಅದು ಕಷ್ಟವಲ್ಲ.

ತುದಿ, ಹಬೆ, ಒಗೆತ

ಅಕ್ರಿಲಿಕ್ ಜಾರುವ ನಾರು. ಕನಿಷ್ಠ 15 ಸೆಂ.ಮೀ. ತುದಿ ಬಿಟ್ಟು, ದಬ್ಬಳದಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಮತ್ತೊಮ್ಮೆ ಎಡಕ್ಕೆ ಹೊಲಿಗೆಗಳ ಬೆನ್ನಿನಲ್ಲಿ ಹಾಯಿಸಿ. ಬಹುಬಣ್ಣದ ತುದಿಯನ್ನು ಅದೇ ಬಣ್ಣ ಇರುವ ಕಡೆಗೆ ಹಾಯಿಸಿದರೆ ಮುಂದೆ ಇಣುಕುವುದಿಲ್ಲ. ನೈಲಾನ್ ದಾರದ ತುದಿ ಸುಡುವಂತೆ ಇದನ್ನೂ ಬೆಂಕಿಕಡ್ಡಿಯಿಂದ ಸುಡುವವರಿದ್ದಾರೆ. ಕರಗಿದ ತುದಿ ಗಟ್ಟಿಯಾದ ಮೇಲೆ ಮಗುವಿನ ಚರ್ಮವನ್ನು ಗೀರುತ್ತದೆ, ನೂಲಿಗೆ ಬೆಂಕಿಯೂ ಹತ್ತಬಹುದು. ಆ ಅಭ್ಯಾಸ ಇಲ್ಲಿಗೆ ತರಬೇಡಿ.

ಒದ್ದೆ ಮಾಡಿ ಪಿನ್ನು ಚುಚ್ಚಿ ಒಣಗಿಸಿದರೆ ಉಣ್ಣೆ ಆಕಾರಕ್ಕೆ ಬರುತ್ತದೆ, ಅಕ್ರಿಲಿಕ್ ಹೆಚ್ಚು ಕೇಳುವುದಿಲ್ಲ. ಅದಕ್ಕೆ ಹಬೆ ಬೇಕು. ಹೊದಿಕೆಯನ್ನು ದಪ್ಪ ಜಮಖಾನದ ಮೇಲೆ ಅಳತೆಗೆ ಹರಡಿ ಪಿನ್ನು ಹಾಕಿ, ಹಬೆ ಬರುವ ಇಸ್ತ್ರಿ ಪೆಟ್ಟಿಗೆಯನ್ನು ಮೂರು ನಾಲ್ಕು ಸೆಂ.ಮೀ. ಮೇಲೆ ತೇಲಿಸುತ್ತ ಸಾಗಿ. ಬಟ್ಟೆಗೆ ಎಲ್ಲಿಯೂ ತಾಗಬಾರದು. ಹಬೆ ಹೆಚ್ಚಾದರೆ ನಾರು ಸತ್ತು ಬಟ್ಟೆ ಹೊಳೆಯುತ್ತ ಜೋತುಬೀಳುತ್ತದೆ, ಅದನ್ನು ಮತ್ತೆ ಮೊದಲಿನಂತೆ ಮಾಡಲು ಬರುವುದಿಲ್ಲ. ಮೊದಲು ಆ 15 ಸೆಂ.ಮೀ. ತುಂಡಿನ ಮೇಲೆ ಮಾಡಿ ನೋಡಿ. ಕೆಲವರು ಶಾಲು ಚೆನ್ನಾಗಿ ಜೋಲಲಿ ಎಂದು ಬೇಕೆಂದೇ ಹೆಚ್ಚು ಹಬೆ ಕೊಡುತ್ತಾರೆ. ಶಾಲಿಗೆ ಅದು ಸರಿ, ಟೋಪಿಗೆ ಅಲ್ಲ.

ಒಗೆಯಲು ತಣ್ಣೀರು ಅಥವಾ ಉಗುರುಬೆಚ್ಚನೆಯ ನೀರು, ಸೌಮ್ಯ ಸಾಬೂನು ಸಾಕು. ಕಲ್ಲಿಗೆ ಬಡಿಯಬೇಡಿ, ಹಿಂಡಬೇಡಿ. ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಚಾಪೆಯ ಮೇಲೆ ಹರಡಿ. ನೀರು ಕುಡಿದಂತೆ ಭಾರವಾದ ಹೊದಿಕೆಯನ್ನು ಹಗ್ಗಕ್ಕೆ ಹಾಕಿದರೆ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಜುಂಗು ಎದ್ದರೆ ಕೈಯಿಂದ ಕೀಳದೆ ಕತ್ತರಿಯಿಂದ ಸವರಿ. ಕಿತ್ತರೆ ಇನ್ನಷ್ಟು ನಾರು ಹೊರಬರುತ್ತದೆ.

ಎರಡೂ ಬಣ್ಣದ ನೂಲಿನಲ್ಲಿ ಐದೈದು ಮೀಟರ್ ಉಳಿಸಿ, ಚೀಟಿಯ ಸಮೇತ ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ಕಡ್ಡಿಯ ಸಂಖ್ಯೆಯನ್ನೂ ಸುತ್ತಿನ ಅಳತೆಯನ್ನೂ ಬರೆದಿಡಿ. ಎಲ್ಲಾದರೂ ಎಳೆ ಕಿತ್ತುಬಂದಾಗ ಅದೇ ಲಾಟಿನ ನೂಲು ಅಂಗಡಿಯಲ್ಲಿ ಸಿಗುವುದಿಲ್ಲ.